ಕೊಟ್ಟಿಗೆಯ ಔಷಧ ತೋಟಕ್ಕೆ ಸೇರಿದರೆ: ಗೊಬ್ಬರ, ಮಣ್ಣು, ನೀರಿನ ಪರೀಕ್ಷೆಯ ಕ್ರಮ



ಮಣ್ಣು ಪರೀಕ್ಷೆ ಎಂದರೆ ನಮಗೆಲ್ಲ ಗೊತ್ತಿರುವುದು ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್‌ಗಳ ಲೆಕ್ಕ. ಸುಣ್ಣ ಎಷ್ಟು ಹಾಕಬೇಕು, ಗೊಬ್ಬರ ಎಷ್ಟು ಕೊಡಬೇಕು ಎಂದು ತಿಳಿಯುವುದಕ್ಕೆ ಅದು ಸಾಕು. ಈಚೆಗೆ ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಕೆಲವರು ಬೇರೊಂದು ಪ್ರಶ್ನೆ ಕೇಳುತ್ತಿದ್ದಾರೆ. ದನಕ್ಕೆ ಹಾಕಿಸಿದ ಇಂಜೆಕ್ಷನ್, ಕರುವಿಗೆ ಕುಡಿಸಿದ ಜಂತುಹುಳುವಿನ ಮದ್ದು, ಕೋಳಿ ಫಾರಮ್ಮಿನಲ್ಲಿ ಆಹಾರಕ್ಕೆ ಬೆರೆಸಿದ ಔಷಧ, ಇವೆಲ್ಲ ಗೊಬ್ಬರದ ಮೂಲಕ ತೋಟಕ್ಕೆ ಬರುವುದು ನಿಜವೇ? ಬಂದದ್ದು ಮಣ್ಣಿನಲ್ಲಿ ಉಳಿಯುತ್ತದೆಯೇ? ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಬೇಕೆ?

ಬರುವುದು ನಿಜ. ಅದರಲ್ಲಿ ಕೆಲವು ಬೇಗ ನಾಶವಾಗುತ್ತವೆ, ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಪರೀಕ್ಷೆಯೂ ಸಾಧ್ಯವಿದೆ. ಆದರೆ ಅದು ಸಾಮಾನ್ಯ ಮಣ್ಣು ಪರೀಕ್ಷೆಗಿಂತ ಬಹಳ ದುಬಾರಿ. ಎಲ್ಲೋ ಒಂದು ಕಡೆ ಮಣ್ಣು ಅಗೆದು ಕಳಿಸಿದರೆ ಹಣ ಹೋದೀತೇ ಹೊರತು ಉತ್ತರ ಸಿಗಲಾರದು. ಮೊದಲು ಕಾಗದದ ಮೇಲೆ ಲೆಕ್ಕ, ಅನಂತರ ಗೊಬ್ಬರದ ಪರೀಕ್ಷೆ, ಅಗತ್ಯ ಕಂಡರೆ ಮಣ್ಣು ಮತ್ತು ನೀರು. ಈ ಕ್ರಮವನ್ನು ವಿವರಿಸುವುದೇ ಈ ಪಾಠದ ಉದ್ದೇಶ.

1. ಇದನ್ನು ಏಕೆ ಯೋಚಿಸಬೇಕು?

ದನದ ಮೈಗೆ ಹೋದ ಔಷಧವೆಲ್ಲ ಅಲ್ಲೇ ಕರಗಿ ಹೋಗುವುದಿಲ್ಲ. ಆಕ್ಸಿಟೆಟ್ರಾಸೈಕ್ಲಿನ್‌ನಂಥ ಔಷಧದ ಬಹುಭಾಗ ಬದಲಾಗದೆ ಸಗಣಿ, ಗಂಜಲಗಳಲ್ಲಿ ಹೊರಬೀಳುತ್ತದೆ. ಐವರ್‌ಮೆಕ್ಟಿನ್ ಎಂಬ ಜಂತುನಾಶಕ ಹೊರಬೀಳುವುದು ಹೆಚ್ಚುಕಡಿಮೆ ಪೂರ್ತಿ ಸಗಣಿಯಲ್ಲೇ. ಅಲ್ಲಿಂದ ಗೊಬ್ಬರದ ಗುಂಡಿಗೆ, ಗುಂಡಿಯಿಂದ ಅಡಿಕೆ ಮರದ ಬುಡಕ್ಕೆ, ಮಳೆ ಬಿದ್ದಾಗ ಬಸಿಗಾಲುವೆಗೆ.

ಇದರಿಂದ ಆಗಬಹುದಾದ ಹಾನಿ ಮೂರು ಬಗೆಯದು.

ಮೊದಲನೆಯದು, ಮದ್ದಿಗೆ ಬಗ್ಗದ ರೋಗಾಣುಗಳು. ರೋಗಾಣುವನ್ನು ಕೊಲ್ಲಲು ಸಾಲದಷ್ಟು ಅಲ್ಪ ಪ್ರಮಾಣದ ಔಷಧ ದೀರ್ಘಕಾಲ ಇದ್ದಲ್ಲಿ, ಅದನ್ನು ತಡೆದುಕೊಳ್ಳಬಲ್ಲ ಜೀವಾಣುಗಳೇ ಉಳಿದು ಬೆಳೆಯುತ್ತವೆ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2017ರಲ್ಲಿ ಉತ್ತರ ಭಾರತದ ನಾಲ್ಕು ರಾಜ್ಯಗಳ 12 ಕೋಳಿ ಫಾರಂಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿತು. ಕೋಳಿ ಗೊಬ್ಬರದಲ್ಲಿಯೂ, ಆ ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿಯೂ ಹಲವು ಔಷಧಗಳಿಗೆ ಬಗ್ಗದ ಜೀವಾಣುಗಳು ಅಲ್ಲಿ ಕಂಡುಬಂದವು. ಅಂಥ ರೋಗಾಣು ಗೊಬ್ಬರ ಹೊರುವ ಆಳಿಗೋ ಮನೆಯ ಮಗುವಿಗೋ ತಗುಲಿದರೆ ವೈದ್ಯರು ಕೊಡುವ ಮಾಮೂಲು ಮದ್ದು ನಾಟುವುದಿಲ್ಲ. ಅಡಿಕೆ ಬೆಳೆಗಾರರು ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ತಾಮ್ರ ಸೇರಿದ ಮಣ್ಣಿನಲ್ಲಿ ತಾಮ್ರವನ್ನು ತಡೆದುಕೊಳ್ಳುವ ಜೀವಾಣುಗಳ ಜೊತೆಗೆ ಔಷಧಕ್ಕೆ ಬಗ್ಗದ ಗುಣವೂ ಹೆಚ್ಚುವುದನ್ನು ಡೆನ್ಮಾರ್ಕಿನ ವಿಜ್ಞಾನಿಗಳು ತೋರಿಸಿದ್ದಾರೆ. ಕೊಳೆರೋಗಕ್ಕೆ ಪ್ರತಿ ಮಳೆಗಾಲವೂ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ತೋಟಗಳಲ್ಲಿ ತಾಮ್ರ ಮೊದಲೇ ಇದೆ.

ಎರಡನೆಯದು, ಮಣ್ಣಿನ ಜೀವಿಗಳಿಗೆ ಬರುವ ತೊಂದರೆ. ಇಂಗ್ಲೆಂಡಿನ ಇಬ್ಬರು ಸಂಶೋಧಕರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಐವರ್‌ಮೆಕ್ಟಿನ್ ಗುಳಿಗೆ ಕೊಟ್ಟ ಕರುಗಳ ಸಗಣಿ ಹುಲ್ಲುಗಾವಲಿನಲ್ಲಿ ಕೊಳೆಯದೆ ಉಳಿಯಿತು. ಔಷಧ ಕೊಡದ ಕರುಗಳ ಸಗಣಿ ಮಾಮೂಲಿನಂತೆ ಮಣ್ಣಾಯಿತು. ಸಗಣಿಯನ್ನು ಮಣ್ಣಿಗೆ ಸೇರಿಸುವ ಹುಳುಗಳ ಮರಿಗಳೇ ಸತ್ತುಹೋದದ್ದು ಇದರ ಕಾರಣ.

ಮೂರನೆಯದು, ಕುಡಿಯುವ ನೀರು. ಮಲೆನಾಡಿನ ಮನೆಗಳಲ್ಲಿ ಕೊಟ್ಟಿಗೆ ಮೇಲೆ, ಬಾವಿ ಕೆಳಗೆ ಇರುವುದು ಅಪರೂಪವಲ್ಲ.

ದನಕ್ಕೆ ಕೊಟ್ಟ ಔಷಧ ದನದಲ್ಲೇ ಮುಗಿಯುತ್ತದೆಂದು ಹಿಂದೆ ಎಲ್ಲರೂ ತಿಳಿದಿದ್ದರು. ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳನ್ನು ಕೊಲ್ಲುತ್ತಿದೆಯೆಂದು 2004ರಲ್ಲಿ ರುಜುವಾತಾದ ಮೇಲೆ ಆ ನಂಬಿಕೆ ಹೋಯಿತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನು ನಿಲ್ಲಿಸಲು ಕ್ರಮ ಕೈಗೊಂಡಿತು. 2019ರಲ್ಲಿ ಕೋಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನೂ ನಿಷೇಧಿಸಿತು.

2. ಯಾವುದು ಎಲ್ಲಿ ನಿಲ್ಲುತ್ತದೆ?

ಎಲ್ಲ ಔಷಧಗಳನ್ನೂ ಎಲ್ಲ ಕಡೆಯೂ ಹುಡುಕುವುದು ವ್ಯರ್ಥ. ಒಂದೊಂದಕ್ಕೆ ಒಂದೊಂದು ಸ್ವಭಾವವಿದೆ.

(ಅ) ಟೆಟ್ರಾಸೈಕ್ಲಿನ್ ವರ್ಗ: ಜೇಡಿ, ಕಬ್ಬಿಣ ಮತ್ತು ಸಾವಯವ ಅಂಶಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಆದುದರಿಂದ ಇವನ್ನು ಹುಡುಕಬೇಕಾದದ್ದು ಗೊಬ್ಬರ ಮತ್ತು ಮೇಲ್ಮಣ್ಣಿನಲ್ಲಿ. ಬಾವಿಯಲ್ಲಿ ಸಿಗುವ ಸಂಭವ ಕಡಿಮೆ.

(ಆ) ಎನ್‌ರೋಫ್ಲಾಕ್ಸಾಸಿನ್: ಇದೂ ಮಣ್ಣಿಗೆ ಅಂಟಿ ಬಹುಕಾಲ ಉಳಿಯುತ್ತದೆ. ಪ್ರಾಣಿಯ ಮೈಯಲ್ಲಿ ಇದರ ಒಂದು ಭಾಗ ಸಿಪ್ರೊಫ್ಲಾಕ್ಸಾಸಿನ್ ಆಗುತ್ತದೆ. ಅದು ಮನುಷ್ಯರಿಗೆ ಕೊಡುವ ಮದ್ದೇ ಆದ್ದರಿಂದ ಪರೀಕ್ಷೆಯಲ್ಲಿ ಎರಡು ಹೆಸರನ್ನೂ ಕೇಳಬೇಕು.

(ಇ) ಸಲ್ಫಾ ವರ್ಗ: ಮಣ್ಣಿನಲ್ಲಿ ಬಿಗಿಯಾಗಿ ನಿಲ್ಲುವುದಿಲ್ಲ, ನೀರಿನೊಡನೆ ಇಳಿಯುತ್ತದೆ. ಬಾವಿಯಲ್ಲಿ ಮೊದಲು ಹುಡುಕಬೇಕಾದ ವರ್ಗವಿದು.

(ಈ) ಪೆನಿಸಿಲಿನ್ ವರ್ಗ: ಕೆಚ್ಚಲು ಬಾವಿಗೆ ಹೆಚ್ಚಾಗಿ ಬಳಸುವಂಥದು. ಹಾಲಿನಲ್ಲಿ ಇದು ದೊಡ್ಡ ಸಮಸ್ಯೆ, ಆದರೆ ಗೊಬ್ಬರದಲ್ಲಿ ಬೇಗ ಒಡೆದು ಹೋಗುತ್ತದೆ. ಮಣ್ಣಿನಲ್ಲಿ ಇದನ್ನು ಹುಡುಕಲು ಹಣ ಖರ್ಚು ಮಾಡಬೇಕಾಗಿಲ್ಲ.

(ಉ) ಐವರ್‌ಮೆಕ್ಟಿನ್: ಸಗಣಿ ಮತ್ತು ಮೇಲ್ಮಣ್ಣಿನಲ್ಲಿ ನಿಲ್ಲುತ್ತದೆ. ಹಳ್ಳಕ್ಕೆ ಸೇರಿದರೆ ನೀರಿನ ಸಣ್ಣ ಜೀವಿಗಳಿಗೆ ಅತ್ಯಲ್ಪ ಪ್ರಮಾಣವೂ ವಿಷ.

(ಊ) ಉಣುಗಿನ ಔಷಧಗಳು: ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದವು. ಮಂಗನ ಕಾಯಿಲೆಯ ಸೀಮೆಯಲ್ಲಿರುವ ನಾವು ದನದ ಮೈಯ ಉಣುಗನ್ನು ನಿರ್ಲಕ್ಷಿಸುವಂತಿಲ್ಲ, ಔಷಧ ಹಚ್ಚಲೇಬೇಕು. ಆದರೆ ಹಚ್ಚಿದ ಮೇಲೆ ಬಕೆಟ್ಟು, ಪಂಪುಗಳನ್ನು ಹಳ್ಳದಲ್ಲಿ ತೊಳೆಯಬಾರದು. ಈ ಔಷಧಗಳು ಮೀನು, ಸಿಗಡಿ, ಏಡಿಗಳಿಗೆ ತೀವ್ರ ವಿಷ.

3. ಮೊದಲು ಕಾಗದದ ಲೆಕ್ಕ

ಪಶು ಔಷಧಗಳ ನಿಯಮಗಳನ್ನು ಹೊಂದಿಸುವ ವಿ.ಐ.ಸಿ.ಎಚ್. ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯೊಂದಿದೆ. ಯುರೋಪ್, ಅಮೆರಿಕ, ಜಪಾನ್‌ಗಳು ಅದರಲ್ಲಿವೆ. ಒಂದು ಕೆ.ಜಿ. ಮಣ್ಣಿನಲ್ಲಿ 100 ಮೈಕ್ರೋಗ್ರಾಂಗಿಂತ ಕಡಿಮೆ ಔಷಧ ಸೇರುವುದೆಂದು ಲೆಕ್ಕದಿಂದ ಕಂಡರೆ ಆ ಔಷಧದ ಬಗ್ಗೆ ಮುಂದಿನ ಪರೀಕ್ಷೆ ಸಾಮಾನ್ಯವಾಗಿ ಬೇಡವೆಂದು ಅದು 2000ದಲ್ಲಿ ಗೊತ್ತುಮಾಡಿತು. ಮೇಯುವ ದನಗಳಿಗೆ ಕೊಡುವ ಜಂತುನಾಶಕಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. ಸಗಣಿ ಹುಳುಗಳೇ ಅದಕ್ಕೆ ಕಾರಣ. ಈ 100 ಎಂಬುದು ಹೊಸ ಔಷಧಗಳನ್ನು ತೂಗಿ ನೋಡಲು ಇಟ್ಟ ಅಳತೆಗೋಲು. ಇದಕ್ಕಿಂತ ಕಡಿಮೆಯಿದ್ದರೆ ಪೂರ್ಣ ಕ್ಷೇಮವೆಂದು ಅರ್ಥವಲ್ಲ. ಆದರೂ ನಮ್ಮ ತೋಟದ ಅಂದಾಜಿಗೆ ಇದು ಉಪಯುಕ್ತ.

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 8 ಲಕ್ಷ ಕೆ.ಜಿ. ತೂಗುತ್ತದೆ. ಅಷ್ಟು ಮಣ್ಣಿನಲ್ಲಿ ಕೆ.ಜಿ.ಗೆ 100 ಮೈಕ್ರೋಗ್ರಾಂ ಆಗಬೇಕಾದರೆ 80 ಗ್ರಾಂ ಔಷಧ ಬೇಕು. ಈ 80 ಗ್ರಾಂ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಮೊದಲ ಉದಾಹರಣೆ, ಮನೆಯ ಹಸು. 300 ಕೆ.ಜಿ. ತೂಕದ ಹಸುವಿಗೆ ಕೆ.ಜಿ.ಗೆ 20 ಮಿ.ಗ್ರಾಂನಂತೆ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಒಮ್ಮೆ ಕೊಟ್ಟರೆ ಒಟ್ಟು 6 ಗ್ರಾಂ. ಅದಷ್ಟೂ ನಾಶವಾಗದೆ ಒಂದೇ ಎಕರೆಗೆ ಹೋಯಿತೆಂದು ಹಿಡಿದರೂ ಕೆ.ಜಿ. ಮಣ್ಣಿಗೆ ಬರುವುದು ಏಳೂವರೆ ಮೈಕ್ರೋಗ್ರಾಂ.

ಎರಡನೆಯ ಉದಾಹರಣೆ, ಲಾರಿಯಲ್ಲಿ ಬಂದ ಕೋಳಿ ಗೊಬ್ಬರ. ಎಕರೆಗೆ 5 ಟನ್ ಹಾಕಿದಿರಿ, ಅದರ ಪ್ರತಿ ಕೆ.ಜಿ.ಯಲ್ಲಿ 10 ಮಿ.ಗ್ರಾಂ ಔಷಧವಿತ್ತು ಎಂದಿಟ್ಟುಕೊಳ್ಳೋಣ. ಒಟ್ಟು 50 ಗ್ರಾಂ. ಎಕರೆಯ ತುಂಬ ಹರಡಿದರೆ ಕೆ.ಜಿ. ಮಣ್ಣಿಗೆ ಸುಮಾರು 62 ಮೈಕ್ರೋಗ್ರಾಂ.

ಆದರೆ ಅಡಿಕೆ ತೋಟದಲ್ಲಿ ಯಾರೂ ಗೊಬ್ಬರವನ್ನು ಎಕರೆಯ ತುಂಬ ಹರಡುವುದಿಲ್ಲ. ಬುಡ ಬಿಡಿಸಿ ಪಾತಿಗೆ ಹಾಕುತ್ತೇವೆ. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಬುಡದಿಂದ ಮುಕ್ಕಾಲು ಮೀಟರ್ ತ್ರಿಜ್ಯದ ಪಾತಿ ಎಂದು ಹಿಡಿದರೆ ಗೊಬ್ಬರ ಬೀಳುವ ಜಾಗ ಎಕರೆಯ ಕಾಲುಭಾಗ ಮಾತ್ರ. ಅಂದರೆ ಅಲ್ಲಿನ ಮಣ್ಣಿನಲ್ಲಿ ಔಷಧದ ಪ್ರಮಾಣ ನಾಲ್ಕು ಪಟ್ಟು. ಹಸುವಿನ ಲೆಕ್ಕ 30ಕ್ಕೆ ಏರಿ ಅಲ್ಲಿಗೇ ನಿಲ್ಲುತ್ತದೆ. ಕೋಳಿ ಗೊಬ್ಬರದ ಲೆಕ್ಕ 250ಕ್ಕೆ ಮುಟ್ಟಿ 100ರ ಗೆರೆಯನ್ನು ದಾಟುತ್ತದೆ. ಕಾಫಿ ಬೆಳೆಗಾರರೂ ಗೊಬ್ಬರ ನಿಜವಾಗಿ ಬೀಳುವ ಜಾಗವನ್ನು ಅಳೆದು ಇದೇ ರೀತಿ ಲೆಕ್ಕ ಹಾಕಬಹುದು.

ಈ ಲೆಕ್ಕದಿಂದ ಎರಡು ಸಂಗತಿ ಸ್ಪಷ್ಟವಾಗುತ್ತದೆ. ಎರಡು ಮೂರು ದನ ಕಟ್ಟಿ, ಕಾಯಿಲೆ ಬಂದಾಗ ಮಾತ್ರ ಮದ್ದು ಹಾಕಿಸುವವರು ತೋಟದ ಮಣ್ಣಿನ ಬಗ್ಗೆ ಹೆದರಬೇಕಾಗಿಲ್ಲ. ಪ್ರತಿ ವರ್ಷ ಹೊರಗಿನಿಂದ ಲೋಡುಗಟ್ಟಲೆ ಗೊಬ್ಬರ ತರಿಸುವವರು ಮಾತ್ರ ಆ ಗೊಬ್ಬರದಲ್ಲಿ ಏನಿದೆಯೆಂದು ತಿಳಿಯಲೇಬೇಕು. ನಾನು ಹಿಡಿದ 10 ಮಿ.ಗ್ರಾಂ ಕೇವಲ ಉದಾಹರಣೆಯ ಅಂಕಿ. ನಿಜವಾದ ಅಂಕಿ ಗೊತ್ತಾಗುವುದು ಪರೀಕ್ಷೆಯಿಂದ ಮಾತ್ರ.

4. ಗೊಬ್ಬರ ಮತ್ತು ಮಣ್ಣಿನ ಮಾದರಿ ತೆಗೆಯುವ ಕ್ರಮ

ಗೊಬ್ಬರದಲ್ಲಿ ಔಷಧ ದಟ್ಟವಾಗಿರುತ್ತದೆ, ಮಣ್ಣಿಗೆ ಸೇರಿದ ಮೇಲೆ ಬಹಳ ಪಟ್ಟು ತೆಳುವಾಗುತ್ತದೆ. ಆದುದರಿಂದ ಮೊದಲ ಹಣವನ್ನು ಗೊಬ್ಬರದ ಮೇಲೆ ಖರ್ಚು ಮಾಡುವುದು ಜಾಣತನ. ಗೊಬ್ಬರದಲ್ಲೇ ಸಿಗದಿದ್ದರೆ, ಹಿಂದೆ ಬೇರೆ ಗೊಬ್ಬರ ಹಾಕಿದ ತೋಟವಲ್ಲದಿದ್ದಲ್ಲಿ, ಮಣ್ಣನ್ನು ಕಳಿಸುವ ಅಗತ್ಯವಿಲ್ಲ.

ರಾಶಿಯ ಮೇಲ್ಭಾಗ, ನಡು, ತಳ ಮತ್ತು ನಾಲ್ಕು ಬದಿಗಳಿಂದ 15-20 ಕಡೆ ಒಂದೊಂದು ಹಿಡಿ ತೆಗೆದು, ಚೆನ್ನಾಗಿ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲನ್ನು ಬಿಡುತ್ತ ಅರ್ಧ ಕೆ.ಜಿ.ಗೆ ಇಳಿಸಿರಿ.

ಮಣ್ಣಿನದೂ ಹೀಗೆಯೇ. ಒಂದೇ ಬಗೆಯ ಗೊಬ್ಬರ ಕಂಡ 15-20 ಪಾತಿಗಳಿಂದ, ಮೇಲಿನ ದರಗು ಸರಿಸಿ, 15 ಸೆಂಟಿಮೀಟರ್ ಆಳದವರೆಗೆ ತೆಗೆಯಬೇಕು. ಗೊಬ್ಬರ ಹಾಕುವ ಮೊದಲು ಒಮ್ಮೆ, ಹಾಕಿ ಒಂದು ತಿಂಗಳಿಗೆ ಇನ್ನೊಮ್ಮೆ ತೆಗೆದರೆ ಹೋಲಿಸಿ ನೋಡಬಹುದು. ಇದಲ್ಲದೆ ಗೊಬ್ಬರವನ್ನೇ ಕಾಣದ ಸೊಪ್ಪಿನ ಬೆಟ್ಟದ ಮಣ್ಣಿನ ಒಂದು ಮಾದರಿ ಜೊತೆಯಲ್ಲಿ ಹೋಗಲೇಬೇಕು. ಅದರಲ್ಲಿಯೂ ಔಷಧ ಕಂಡುಬಂದರೆ ತಪ್ಪು ಮಾದರಿ ತೆಗೆಯುವುದರಲ್ಲಿಯೋ ಪ್ರಯೋಗಾಲಯದಲ್ಲಿಯೋ ಇದೆಯೆಂದು ತಿಳಿಯಬೇಕು.

ಸಾಮಾನ್ಯ ಮಣ್ಣು ಪರೀಕ್ಷೆಯ ಅಭ್ಯಾಸವಿರುವವರು ಇಲ್ಲಿ ಎಚ್ಚರ ವಹಿಸಬೇಕಾದ ವ್ಯತ್ಯಾಸಗಳು ಹೀಗಿವೆ:

(ಅ) ಮಾದರಿಯನ್ನು ಒಣಗಿಸಬಾರದು. ಬಿಸಿಲಿಗೆ ಟೆಟ್ರಾಸೈಕ್ಲಿನ್, ಎನ್‌ರೋಫ್ಲಾಕ್ಸಾಸಿನ್‌ಗಳು ಒಡೆಯುತ್ತವೆ.

(ಆ) ಬಟ್ಟೆಯ ಚೀಲ ಸಲ್ಲದು. ಕಂದು ಗಾಜಿನ ಅಗಲ ಬಾಯಿಯ ಬಾಟಲಿ, ಅಥವಾ ಪ್ರಯೋಗಾಲಯದವರೇ ಕೊಡುವ ಡಬ್ಬಿ ಬಳಸಬೇಕು.

(ಇ) ತೆಗೆದ ಕೂಡಲೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ ಮರುದಿನವೇ ತಲಪಿಸಬೇಕು. ತಡವಾಗುವುದಾದರೆ ಫ್ರೀಜರಿನಲ್ಲಿಡಬೇಕು.

(ಈ) ದನಕ್ಕೆ ಮದ್ದು ಹಾಕಿದ ಕೈಯಲ್ಲಿ ಮಾದರಿ ಮುಟ್ಟಬಾರದು. ಹೊಸ ಕೈಗವಸು, ತೊಳೆದ ಸಲಿಕೆ. ಬೆಟ್ಟದ ಮಾದರಿ ಮೊದಲು, ತೋಟದ್ದು ಅನಂತರ, ಗೊಬ್ಬರದ್ದು ಕೊನೆಗೆ.

5. ನೀರಿನ ಪರೀಕ್ಷೆ

ನೀರಿಗೆ ಎರಡು ಮೆಟ್ಟಿಲು. ಕೊಟ್ಟಿಗೆಯ ಬಸಿ ಬಾವಿಗೆ ಸೇರುತ್ತಿದೆಯೇ ಎಂಬುದನ್ನು ಮೊದಲು ಕಡಿಮೆ ಖರ್ಚಿನಲ್ಲಿ ತಿಳಿಯಬೇಕು. ಇ-ಕೋಲೈ ಜೀವಾಣು ಮತ್ತು ನೈಟ್ರೇಟ್ ಪರೀಕ್ಷೆ ಇದಕ್ಕೆ ತಕ್ಕದ್ದು. ಕುಡಿಯುವ ನೀರಿನ ಭಾರತೀಯ ಮಾನಕದಂತೆ 100 ಮಿ.ಲೀ. ನೀರಿನಲ್ಲಿ ಇ-ಕೋಲೈ ಇರಲೇಬಾರದು. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಬಾರದು. ಯೂರಿಯಾದಿಂದಲೂ ನೈಟ್ರೇಟ್ ಬರುತ್ತದೆಂಬುದು ನೆನಪಿರಲಿ. ಮಳೆಗಾಲದ ಮೊದಲ ದೊಡ್ಡ ಮಳೆಯ ನಂತರವೂ ಬಾವಿ ಶುದ್ಧವೆಂದು ಕಂಡರೆ ಔಷಧದ ಪರೀಕ್ಷೆಗೆ ಅವಸರವಿಲ್ಲ. ಅಶುದ್ಧವೆಂದು ಕಂಡರೆ ಔಷಧದ ಮಾತು ಆಮೇಲೆ. ಆ ದಿನದಿಂದಲೇ ನೀರು ಕುದಿಸಿ ಕುಡಿಯಬೇಕು, ಬಸಿಯನ್ನು ಬಾವಿಯಿಂದ ಬೇರೆ ಕಡೆಗೆ ತಿರುಗಿಸಬೇಕು.

ಔಷಧದ ಪರೀಕ್ಷೆಗೆ ನೀರು ತೆಗೆಯುವಾಗ ಪಂಪನ್ನು 10 ನಿಮಿಷ ಓಡಿಸಿ, ಟ್ಯಾಂಕಿನಿಂದ ತೆಗೆಯದೆ ನೇರವಾಗಿ ಕಂದು ಗಾಜಿನ ಒಂದು ಲೀಟರ್ ಬಾಟಲಿಗೆ ಹಿಡಿಯಬೇಕು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಮೊದಲೇ ತಿಳಿಸಬೇಕು, ಏಕೆಂದರೆ ಕ್ಲೋರಿನ್ ಔಷಧವನ್ನು ಒಡೆಯುತ್ತದೆ. ಕೇಳಬೇಕಾದ ಮುಖ್ಯ ಹೆಸರು ಸಲ್ಫಾ ವರ್ಗದ್ದು.

6. ಪ್ರಯೋಗಾಲಯದವರನ್ನು ಕೇಳಬೇಕಾದ ಪ್ರಶ್ನೆಗಳು

ರಸಸಾರ, ರಂಜಕ ನೋಡುವ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಈ ಪರೀಕ್ಷೆ ಆಗುವುದಿಲ್ಲ. ಹಾಲಿಗೆ ಬಳಸುವ ತ್ವರಿತ ಪರೀಕ್ಷೆಯ ಕಿಟ್ ಮಣ್ಣಿಗೆ ನಂಬತಕ್ಕದ್ದಲ್ಲ. ಬೇಕಾದದ್ದು ಎಲ್.ಸಿ.-ಎಂ.ಎಸ್. ಎಂಬ ಯಂತ್ರವಿರುವ ಪ್ರಯೋಗಾಲಯ. ಈ ಯಂತ್ರ ಔಷಧವನ್ನು ಬೇರ್ಪಡಿಸಿ, ಅದರ ಅಣುವಿನ ತೂಕದಿಂದ ಗುರುತು ಹಿಡಿಯುತ್ತದೆ. ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ.

ಒಂದು, ಎನ್.ಎ.ಬಿ.ಎಲ್. ಮಾನ್ಯತೆಯ ಪಟ್ಟಿಯಲ್ಲಿ ಈ ಔಷಧ, ಈ ವಸ್ತುವಿಗೆ ಸೇರಿದೆಯೇ? ಹಾಲಿಗೋ ಮಾಂಸಕ್ಕೋ ಮಾನ್ಯತೆ ಇದ್ದ ಮಾತ್ರಕ್ಕೆ ಮಣ್ಣಿಗೂ ಇದೆಯೆಂದಾಗುವುದಿಲ್ಲ.

ಎರಡು, ಎಷ್ಟು ಕನಿಷ್ಠ ಪ್ರಮಾಣವನ್ನು ಅಳೆಯಬಲ್ಲಿರಿ? ಕೆ.ಜಿ.ಗೆ 200 ಮೈಕ್ರೋಗ್ರಾಂಗಿಂತ ಕೆಳಗೆ ಅಳೆಯಲಾರದ ಕಡೆ ‘ಕಂಡುಬಂದಿಲ್ಲ’ ಎಂಬ ವರದಿಗೆ ಬೆಲೆಯಿಲ್ಲ.

ಮೂರು, ನಮ್ಮ ಮಣ್ಣಿಗೆ ಗೊತ್ತಿರುವಷ್ಟು ಔಷಧ ಬೆರೆಸಿ ನೋಡಿದಾಗ ಶೇಕಡಾ ಎಷ್ಟು ಮರಳಿ ಸಿಗುತ್ತದೆ? ಕಬ್ಬಿಣದ ಕೆಂಪು ಮಣ್ಣು ಟೆಟ್ರಾಸೈಕ್ಲಿನ್ನನ್ನು ಬಿಟ್ಟುಕೊಡುವುದು ಕಷ್ಟ. ಇದನ್ನು ನೋಡದೆ ಕೊಟ್ಟ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ.

ನಾಲ್ಕು, ಅಂಕಿ ಒಣ ತೂಕಕ್ಕೋ ಹಸಿ ತೂಕಕ್ಕೋ? ಎರಡನ್ನು ಬೆರೆಸಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ವರದಿ ಬಂದ ಮೇಲೆ ‘ಇದು ಮಿತಿಯೊಳಗಿದೆಯೇ’ ಎಂಬುದು ಎಲ್ಲರ ಮೊದಲ ಪ್ರಶ್ನೆಯಾಗಿರುತ್ತದೆ. ತೋಟದ ಮಣ್ಣಿನಲ್ಲಿ ಈ ಔಷಧಗಳು ಇಷ್ಟೇ ಇರಬೇಕೆಂಬ ಕಾನೂನಿನ ಮಿತಿ ನಮ್ಮ ದೇಶದಲ್ಲಿಲ್ಲ. ಆದುದರಿಂದ ಬೆಟ್ಟದ ಮಣ್ಣಿನೊಡನೆ, ಹಿಂದಿನ ವರ್ಷದೊಡನೆ, ಮೇಲೆ ಹೇಳಿದ 100ರ ಅಳತೆಯೊಡನೆ ಹೋಲಿಸಿ ನೋಡಬೇಕು. ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅಂಕಿ ಸಣ್ಣದಾದರೂ ಗೊಬ್ಬರದ ಮೂಲವನ್ನು ಬದಲಿಸುವುದು ಒಳ್ಳೆಯದು.

7. ಇಂದಿನಿಂದಲೇ ಮಾಡಬಹುದಾದದ್ದು

ಕೊಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ. ಯಾವ ದನಕ್ಕೆ, ಯಾವ ದಿನ, ಯಾವ ಔಷಧ, ಎಷ್ಟು ಎಂಬುದನ್ನು ಪಶುವೈದ್ಯರಿಂದಲೇ ಬರೆಸಿರಿ. ಈ ಪುಸ್ತಕವಿಲ್ಲದೆ ಪ್ರಯೋಗಾಲಯದವರಿಗೆ ಯಾವ ಹೆಸರನ್ನು ಹುಡುಕಬೇಕೆಂದು ಹೇಳಲು ಸಾಧ್ಯವಿಲ್ಲ. ಹಾಲಿನ ವಿಷಯಕ್ಕೂ ಇದು ಬೇಕು. ಔಷಧದ ಲೇಬಲ್ಲಿನಲ್ಲಿ ಕಾಯಬೇಕಾದ ದಿನಗಳನ್ನು ನಮೂದಿಸದಿದ್ದರೆ, 2012ರ ನಿಯಮದಂತೆ ಹಾಲು ಮೊಟ್ಟೆಗಳಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ.

ಮದ್ದು ಕೊಟ್ಟ ಮೊದಲ ಎರಡು ವಾರದ ಸಗಣಿಯನ್ನು ಪ್ರತ್ಯೇಕ ಗುಂಡಿಗೆ ಹಾಕಿರಿ. ಅದನ್ನು ಜೀವಾಮೃತಕ್ಕೂ ತರಕಾರಿ ಮಡಿಗೂ ಬಳಸಬೇಡಿರಿ. ಉಪಯೋಗಿಸದೆ ಉಳಿಸಿದ ಹಾಲನ್ನೂ ಚರಂಡಿಗೆ ಬಿಡದೆ ಅದೇ ಗುಂಡಿಗೆ ಹಾಕಬಹುದು.

ಹೊರಗಿನ ಕೋಳಿ ಗೊಬ್ಬರವನ್ನು ಹಸಿಯಾಗಿ ಬುಡಕ್ಕೆ ಹಾಕಬೇಡಿರಿ. ದರಗು, ಸೊಪ್ಪಿನೊಡನೆ ರಾಶಿ ಹಾಕಿ, ಒಳಗೆ ಕೈಯಿಡಲಾರದಷ್ಟು ಕಾವು ಬರುವಂತೆ ನೀರು ಚಿಮುಕಿಸಿ, ಎರಡು ಮೂರು ಸಲ ತಿರುವಿ ಹಾಕಿರಿ. ಅಮೆರಿಕದಲ್ಲಿ ಟರ್ಕಿ ಕೋಳಿಯ ಗೊಬ್ಬರದ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಕಾಂಪೋಸ್ಟ್ ಮಾಡಿದಾಗ ಕ್ಲೋರ್‌ಟೆಟ್ರಾಸೈಕ್ಲಿನ್ ಶೇಕಡಾ 99ಕ್ಕೂ ಹೆಚ್ಚು ನಾಶವಾಯಿತು. ಮೊನೆನ್ಸಿನ್, ಟೈಲೊಸಿನ್‌ಗಳು ಶೇಕಡಾ 54ರಿಂದ 76ರಷ್ಟು ಇಳಿದವು. ಆದರೆ ಸಲ್ಫಾಮೆಥಜೀನ್ ಇಳಿಯಲೇ ಇಲ್ಲ. ಅಂದರೆ ಕಾಂಪೋಸ್ಟ್ ಒಳ್ಳೆಯದೇ, ಆದರೆ ಎಲ್ಲಕ್ಕೂ ಮದ್ದಲ್ಲ. ನೀರಿಗೆ ಇಳಿಯುವ ಸಲ್ಫಾ ಔಷಧವೇ ಕಾವಿಗೂ ಬಗ್ಗದೆ ಉಳಿಯುವುದರಿಂದ, ಬಾವಿಯ ಮೇಲ್ಬದಿಯಲ್ಲಿ ಹೊರಗಿನ ಗೊಬ್ಬರದ ರಾಶಿ ಹಾಕಬಾರದು.

ಗೊಬ್ಬರ ಕೊಡುವ ಫಾರಮ್ಮಿನವರನ್ನು ಯಾವ ಔಷಧ ಬಳಸಿದಿರೆಂದು ಕೇಳಿರಿ. ಒಬ್ಬರು ಕೇಳಿದರೆ ಉತ್ತರ ಸಿಗದಿರಬಹುದು, ಹತ್ತು ಲೋಡಿನ ಗಿರಾಕಿಗಳು ಕೂಡಿ ಕೇಳಿದರೆ ಸಿಗುತ್ತದೆ. ಪರೀಕ್ಷೆಯ ಖರ್ಚೂ ಹಾಗೆಯೇ. ಒಬ್ಬ ಸಣ್ಣ ಬೆಳೆಗಾರನಿಗೆ ಅದು ಹೊರೆ, ಒಂದೇ ಫಾರಮ್ಮಿನಿಂದ ಗೊಬ್ಬರ ತರಿಸುವ ಹತ್ತು ಮಂದಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಸ್ವಲ್ಪ. ಈ ವರ್ಷ ಗೊಬ್ಬರ ತರಿಸುವ ಸದಸ್ಯರು ಲೋಡು ಬರುವ ಮೊದಲೇ ಫಾರಮ್ಮಿನ ಊರು, ಬೇಕಾದ ಟನ್ನು, ಗೊಬ್ಬರ ಹಾಕುವ ತಿಂಗಳು, ಇಷ್ಟನ್ನು ಸಂಘದ ಕಛೇರಿಯಲ್ಲಿ ಬರೆಸಿದರೆ, ಒಂದೇ ಮೂಲದವರನ್ನು ಕೂಡಿಸಿ ಒಂದೇ ಮಾದರಿ ಕಳಿಸಲು ಅನುಕೂಲವಾಗುತ್ತದೆ. ಲೋಡು ಪಾತಿಗೆ ಬಿದ್ದ ಮೇಲೆ ತಿಳಿದು ಪ್ರಯೋಜನವಿಲ್ಲ. ಮಣ್ಣಿಗೆ ಸೇರಿದ್ದನ್ನು ಆರಿಸಿ ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ.